ಸುಂಕಮ್ಮನ ನಾಲ್ಕನೇ ಮನೆ

ಬೆಕ್ಕು ಮರಿ ಹಾಕಿದ ಮೇಲೆ ಅವುಗಳನ್ನು ಏಳು ಮನೆ ತಿರುಗಿಸುತ್ತದೆ ಎಂಬ ಮಾತನ್ನು ಸುಂಕಮ್ಮ ಚಿಕ್ಕಂದಿನಿಂದ ಕೇಳಿಕೊಂಡು ಬಂದವಳು. ಅದನ್ನು ನಂಬಲು ಅವಳಿಗೆ ಸಾಕ್ಷಿ ಬೇಕಿರಲಿಲ್ಲ. ಮದುವೆಯಾದ ಹನ್ನೊಂದು ವರ್ಷಗಳಲ್ಲಿ ಅವಳೇ ನಾಲ್ಕು ಮನೆ ತಿರುಗಿದ್ದಳು. ಕರೂರಿನಲ್ಲಿ ಅತ್ತೆಮನೆ, ಗಂಡ ಹಂಪೇಶ್ ಅಕ್ಕಿ ಗಿರಣಿ ಸೇರಿದಾಗ ಸಿರುಗುಪ್ಪ, ಕಲ್ಲಿನ ಕ್ವಾರಿಗೆ ಹೋದಾಗ ಕುರುಗೋಡು, ಈಗ ಅವನಿಗೆ ಕುಡತಿನಿಯ ವಿದ್ಯುತ್ ಸ್ಥಾವರದಲ್ಲಿ ಗುತ್ತಿಗೆ ಕೆಲಸ ಸಿಕ್ಕಿದೆಯೆಂದು ಬಳ್ಳಾರಿ. ಸಾಮಾನು ಕಟ್ಟುವುದರಲ್ಲಿ ಅವಳ ಕೈ ಎಷ್ಟು ಪಳಗಿತ್ತೆಂದರೆ, ಒಂದು ಮಧ್ಯಾಹ್ನ ಸಿಕ್ಕರೆ ಸಾಕು, ಇಡೀ ಸಂಸಾರ ಗಂಟುಮೂಟೆಯಾಗಿ ಆಟೋ ಹತ್ತಿ ಕೂತಿರುತ್ತಿತ್ತು.

ಕುರುಗೋಡು ಬಿಡುವಾಗ ಮಾತ್ರ ಒಂದು ಸಾಮಾನು ಆಟೋದಲ್ಲಿ ಹಿಡಿಸಲಿಲ್ಲ. ಅದರ ಹೆಸರು ಬುಲೆಟ್. ಹೆಸರು ಕೇಳಿ ಮೋಸ ಹೋಗಬೇಡಿ, ಅಂಥ ಸೋಮಾರಿ ನಾಯಿ ತಾಲ್ಲೂಕಿನಲ್ಲೇ ಇರಲಿಲ್ಲ. ಬಿಸಿಲು ಮುಖಕ್ಕೆ ಬಂದರೂ ಮಗ್ಗುಲು ಬದಲಿಸದ ಪ್ರಾಣಿ ಅಂದು ಆಟೋ ಹಿಂದೆ ಊರ ಹೊರಗಿನ ಹಳ್ಳದವರೆಗೆ ಓಡಿ ಬಂತು. "ಅದು ಬ್ಯಾರೆ ಮನಿ ನೋಡ್ಕೊಂತೈತಿ ಬಿಡು, ನಾಯಿಗೇನು ಮನಿಗೆ ಕಡಿಮೇನ?" ಎಂದು ಸುಂಕಮ್ಮ ಮಗಳಿಗೆ ಹೇಳಿದ್ದಳು. ಮಗಳು ಜ್ಯೋತಿ ಅಳಲಿಲ್ಲ, ಆಮೇಲೂ ಆ ಸುದ್ದಿ ಎತ್ತಲಿಲ್ಲ. ಎಂಟು ತಿಂಗಳಾಯಿತು. ಹುಡುಗಿ ಮರೆತಿದ್ದಾಳೆಂದೇ ಸುಂಕಮ್ಮ ತಿಳಿದಿದ್ದಳು.

ಬಳ್ಳಾರಿಯಲ್ಲಿ ಅವಳು ಜೀನ್ಸ್ ಹೊಲಿಯಲು ಕಲಿತಳು. ಮೇಸ್ತ್ರಿ ಯರ್ರಿಸ್ವಾಮಿ ಕತ್ತರಿಸಿದ ಬಟ್ಟೆ ಮನೆಗೆ ತಂದು ಹಾಕುತ್ತಾನೆ. ಹೊಲಿದ ಪ್ಯಾಂಟುಗಳನ್ನು ಗಂಟು ಕಟ್ಟಿಟ್ಟರೆ ತನ್ನ ಟಿವಿಎಸ್ ಮೇಲೆ ಹೇರಿಕೊಂಡು, ಜೀನ್ಸ್ ಒಗೆದು ಬಣ್ಣ ಮಾಸಿಸುವ ವಾಷಿಂಗಿಗೆ ಒಯ್ಯುತ್ತಾನೆ. ಓಣಿಯ ಹತ್ತು ಮನೆಯ ಗಂಟುಗಳು ಒಂದೇ ಕಡೆ ಬೀಳುವುದರಿಂದ ಯಾರದು ಯಾವುದು ಎಂಬುದಕ್ಕೆ ಒಬ್ಬೊಬ್ಬರದು ಒಂದೊಂದು ಗುರುತು. ಸುಂಕಮ್ಮ ತನ್ನ ಹಳೆಯ ಸೀರೆಯ ಕೆಂಪು ಅಂಚು ಹರಿದು ಅದರಿಂದ ಕಟ್ಟುತ್ತಿದ್ದಳು.

ಆ ಮನೆಗೆ ಯಾರೂ ಕರೆಯದೆ ಬಂದು ಸೇರಿಕೊಂಡದ್ದು ಒಂದು ಬಿಳಿ ಬೆಕ್ಕು. ಜ್ಯೋತಿಯ ತಮ್ಮ, ಒಂದನೇ ತರಗತಿಯ ವಿರೂಪಾಕ್ಷಿ, ಅದಕ್ಕೆ ರಾಣಿ ಎಂದು ಹೆಸರಿಟ್ಟ. ರಾಣಿಯವರು ತಮ್ಮ ಘನತೆಗೆ ತಕ್ಕಂತೆ ಹೊಲಿಗೆ ಮೆಷಿನ್ನಿನ ಕೆಳಗೆ ಜೀನ್ಸ್ ಚೂರುಗಳ ಮೆತ್ತೆಯ ಮೇಲೆ ನಾಲ್ಕು ಮರಿ ಹಾಕಿದರು. ನಾಲ್ಕೂ ತಾಯಿಯಂತೆ ಬಿಳಿ.

ಅದೇ ಹೊತ್ತಿಗೆ ಶಾಲೆಯಲ್ಲಿ ಜ್ಯೋತಿಯ ತರಗತಿಗೆ ಪ್ರಾಜೆಕ್ಟ್ ಕೊಟ್ಟರು. ನಾಲ್ಕನೇ ತರಗತಿಯ ಮಕ್ಕಳು ತಮ್ಮ ಮನೆಯ ಸಾಕುಪ್ರಾಣಿಯನ್ನು ಹದಿನೈದು ದಿನ ನೋಡಿ ಬರೆದುಕೊಂಡು ಬರಬೇಕು. ಜ್ಯೋತಿ ಅದನ್ನು ಸರ್ಕಾರಿ ಕೆಲಸದಂತೆ ಹಿಡಿದಳು. ಬೆಳಿಗ್ಗೆ, ಸಂಜೆ ಎಣಿಕೆ. ತಾಯಿಯ ಅಳತೆ ಟೇಪಿನಿಂದ ಮೂಗಿನಿಂದ ಬಾಲದ ತನಕ ಅಳತೆ. "ಕಣ್ಣು ತೆರೆದಿಲ್ಲ" ಎಂಬ ವಾಕ್ಯ ಒಂಬತ್ತು ದಿನ ಒಂದೇ ಸಮನೆ ಬಂತು. ಬೆಕ್ಕು ತಿರುಗುವ ಏಳು ಮನೆಗಳಿಗೆಂದು ತಾಯಿ ಹೇಳಿಕೊಟ್ಟಂತೆ ಏಳು ಚೌಕಗಳನ್ನೂ ಬರೆದಿಟ್ಟಿದ್ದಳು. ಮೊದಲನೆಯದರಲ್ಲಿ "ಮೆಷಿನ್ ಕೆಳಗೆ" ಎಂದಿತ್ತು, ಉಳಿದ ಆರು ಖಾಲಿ.

ಹತ್ತನೇ ದಿನ ಶನಿವಾರ. ಮಕ್ಕಳು ಬೆಳಗಿನ ಶಾಲೆಗೆ ಹೋಗಿದ್ದರು. ಯರ್ರಿಸ್ವಾಮಿ ಬಾಗಿಲಲ್ಲಿ ಹಾರ್ನ್ ಬಾರಿಸಿದ. ಸುಂಕಮ್ಮ ನೋಡಿದರೆ ರಾಣಿ ಹೊರಗೆ ಹೋಗಿದೆ, ಮರಿಗಳು ಹೊಲಿದಿಟ್ಟ ಪ್ಯಾಂಟುಗಳ ರಾಶಿಯ ಮೇಲೆ ಹರಿದಾಡುತ್ತಿವೆ. ಎತ್ತಿ ಮೆಷಿನ್ ಪಕ್ಕದ ಬುಟ್ಟಿಗೆ ಹಾಕಿದಳು, ಪ್ಯಾಂಟುಗಳನ್ನು ಒತ್ತಿ ಗಂಟು ಬಿಗಿದು ಕೊಟ್ಟು ಕಳಿಸಿದಳು. ಎಣಿಸಲಿಲ್ಲ. ಹಾರ್ನ್ ಹೊಡೆಯುವವನ ಎದುರು ಯಾರು ಎಣಿಸುತ್ತ ಕೂರುತ್ತಾರೆ?

ಹನ್ನೊಂದೂವರೆಗೆ ಜ್ಯೋತಿ ಬಂದವಳೇ ಬ್ಯಾಗ್ ಇಳಿಸುವ ಮೊದಲು ಬುಟ್ಟಿಗೆ ಬಗ್ಗಿದಳು.

"ಯವ್ವಾ, ಮೂರೇ ಅದಾವ."

"ಅವರವ್ವ ಒಯ್ದಿರ್ತೈತಿ. ಎರಡನೇ ಮನಿ ಶುರುವಾತು ಅಂತ ಬರ್ಕೋ." ಸುಂಕಮ್ಮ ಸೂಜಿಗೆ ದಾರ ಪೋಣಿಸುತ್ತಲೇ ಹೇಳಿದಳು.

ಜ್ಯೋತಿ ಪುಸ್ತಕ ತೆಗೆದಳು, ಆದರೆ ಬರೆಯಲಿಲ್ಲ. ರಾಣಿ ಬುಟ್ಟಿಯ ಹತ್ತಿರ ಹೋಗಿ ಮರಿಗಳನ್ನು ಮೂಸಿ, ತಿರುಗಿ ಬಂದು ಬೆಳಿಗ್ಗೆ ಗಂಟು ಇದ್ದ ಜಾಗದಲ್ಲಿ ನಿಂತು ಕೂಗುತ್ತಿತ್ತು. ಮತ್ತೆ ಬುಟ್ಟಿ, ಮತ್ತೆ ಅದೇ ಜಾಗ. ಹುಡುಗಿ ಸ್ವಲ್ಪ ಹೊತ್ತು ಅದನ್ನೇ ನೋಡಿದಳು.

"ಅದೇ ಒಯ್ದಿದ್ರ ಇಲ್ಲಿ ಯಾಕ ಹುಡುಕ್ತೈತಿ? ಇಲ್ಲಿ ಏನಿತ್ತು?"

"ಗಂಟಿತ್ತು. ಸುಮ್ನ ತಲಿ ತಿನ್ನಬ್ಯಾಡ. ಬೆಕ್ಕಿಗೆ ಗೊತ್ತಿರ್ತೈತಿ ಅದರ ಮರಿ ಎಲ್ಲೈತಿ ಅಂತ."

"ಬುಲೆಟ್‌ಗೂ ನೀನು ಹಿಂಗ ಅಂದಿದ್ದಿ," ಎಂದಳು ಜ್ಯೋತಿ. ದನಿ ಏರಲಿಲ್ಲ. "ಬ್ಯಾರೆ ಮನಿ ನೋಡ್ಕೊಂತೈತಿ ಅಂದಿದ್ದಿ."

ಸುಂಕಮ್ಮನ ಕಾಲು ಪೆಡಲಿನ ಮೇಲೆ ನಿಂತುಬಿಟ್ಟಿತು. ಎಂಟು ತಿಂಗಳು ಈ ಮಾತು ಮಗಳ ಹೊಟ್ಟೆಯಲ್ಲೇ ಇತ್ತಲ್ಲ ಎಂದು ಅವಳಿಗೆ ನಾಚಿಕೆಯಾಯಿತು, ಸಂಕಟವೂ ಆಯಿತು. ಆಮೇಲೆ ಗಂಟು ನೆನಪಾಯಿತು, ವಾಷಿಂಗ್ ನೆನಪಾಯಿತು. ಮನೆ ಎತ್ತರದ ಡ್ರಮ್ಮು, ಅದರೊಳಗೆ ನೀರು, ಬ್ಲೀಚು, ಕಲ್ಲು.

ಯರ್ರಿಸ್ವಾಮಿಗೆ ಫೋನ್ ಮಾಡಿದಳು. "ಗಂಟು ಇಳಿಸಿ ಎರಡು ತಾಸಾತಕ್ಕ," ಎಂದ ಅವನು. "ಮುಂಜಾನಿಂದ ಕರೆಂಟಿಲ್ಲಂತ ಕುಂತಿದ್ರು. ಈಗ ಬಂದೈತಿ. ಹಾಕಿರ್ತಾರ."

ಸುಂಕಮ್ಮ ಮೆಷಿನ್ ಬಿಟ್ಟೆದ್ದಳು. ಇಬ್ಬರು ಮಕ್ಕಳನ್ನು ಎಳೆದುಕೊಂಡು ದಾರಿಯಲ್ಲಿ ಸಿಕ್ಕ ಆಟೋ ಹತ್ತಿದಳು. ಗಂಡ ಕುಡತಿನಿಯಲ್ಲಿ ಕರೆಂಟ್ ತಯಾರಿಸುವವನು. ಇನ್ನೊಂದು ತಾಸು ಕರೆಂಟ್ ಬರದಿದ್ದರೆ ಏನಾಗುತ್ತಿತ್ತು ಎಂದು, ಕರೆಂಟ್ ಬಂದದ್ದಕ್ಕೆ ಅವಳು ಬೈದುಕೊಂಡದ್ದು ಇದೇ ಮೊದಲು. ವಿರೂಪಾಕ್ಷಿ ಇಡೀ ದಾರಿ "ಮರಿಗೆ ಈಜು ಬರ್ತೈತೇನವ್ವ?" ಎಂದು ಕೇಳುತ್ತಲೇ ಇದ್ದ.

ವಾಷಿಂಗ್ ಶೆಡ್ಡಿನಲ್ಲಿ ಒಂದು ಡ್ರಮ್ಮು ಆಗಲೇ ಗಡಗಡ ತಿರುಗುತ್ತಿತ್ತು. ಎರಡನೆಯದರ ಮುಂದೆ ನೆಲದ ಮೇಲೆ ಸುಂಕಮ್ಮನ ಕೆಂಪು ಅಂಚು ಬಿಚ್ಚಿ ಬಿದ್ದಿತ್ತು. ಮೊಳಕೈವರೆಗೆ ನೀಲಿಯಾದ ದಪ್ಪ ಮನುಷ್ಯನೊಬ್ಬ ಡ್ರಮ್ಮಿನ ಬಾಗಿಲು ಮುಚ್ಚಿ ನೀರಿನ ವಾಲ್ವಿಗೆ ಕೈ ಹಾಕಿದ್ದ. ಅವನೇ ಅಲ್ಲಿನ ಮೇಲ್ವಿಚಾರಕ ದೊಡ್ಡಬಸವರಾಜ.

"ನಿಂದ್ರಣ್ಣೋ! ಒಳಗ ಮರಿ ಐತಿ!"

ಸದ್ದಿನಲ್ಲಿ ಅವನಿಗೆ ಕೇಳಲಿಲ್ಲ. ಜ್ಯೋತಿ ಓಡಿಹೋಗಿ ಅವನ ಒದ್ದೆ ಕೈಯನ್ನೇ ಎರಡೂ ಕೈಯಿಂದ ಹಿಡಿದು ಜೋತುಬಿದ್ದಳು.

ವಿಷಯ ತಿಳಿದ ಮೇಲೆ ದೊಡ್ಡಬಸವರಾಜ ಮೊದಲು ರೇಗಿದ. ಕರೆಂಟ್ ಈಗಷ್ಟೇ ಬಂದಿದೆ, ಇನ್ನೂರು ಪ್ಯಾಂಟ್ ಒಳಗಿವೆ, ಬೆಕ್ಕಿನ ಮರಿಗೋಸ್ಕರ ಕೆಲಸ ನಿಲ್ಲಿಸುವುದೇ ಎಂದು ಗೊಣಗುತ್ತಲೇ ಬಾಗಿಲು ತೆಗೆದ. ತೆಗೆದವನು ಸುಮ್ಮನೆ ನಿಲ್ಲಲೂ ಇಲ್ಲ. ನಾಲ್ವರೂ ಕೂತು ಒಂದೊಂದೇ ಪ್ಯಾಂಟ್ ಎಳೆದು ಒಂದೊಂದೇ ಕಾಲಿಗೆ ಕೈ ಹಾಕಿದರು. ಸುಂಕಮ್ಮ ತನ್ನ ಹೊಲಿಗೆಯನ್ನು ಗುರುತಿಸಿ ಅವನ್ನೇ ಹೆಕ್ಕುತ್ತಿದ್ದಳು. ಜೀವನದಲ್ಲಿ ಎಂದೂ ಇಷ್ಟು ಜಾಗ್ರತೆಯಿಂದ ಅವಳು ಏನನ್ನೂ ಎಣಿಸಿರಲಿಲ್ಲ. ಹದಿನೇಳನೆಯ ಪ್ಯಾಂಟಿನ ಎಡಗಾಲಿನಲ್ಲಿ, ಮೊಣಕಾಲಿನ ಹತ್ತಿರ, ಬೆರಳಿಗೆ ಬೆಚ್ಚಗೆ ತಾಗಿತು.

ಮರಿ ಹೊರಗೆ ಬಂತು. ಬಣ್ಣ ಹತ್ತಿ ಅರ್ಧ ನೀಲಿಯಾಗಿತ್ತು. ಸುಂಕಮ್ಮನ ಅಂಗೈಯಲ್ಲಿ ಒಮ್ಮೆ ಸೀನಿ, ಸಣ್ಣಗೆ ಕೂಗಿತು.

"ಇಪ್ಪತ್ತು ವರ್ಷದಿಂದ ಪ್ಯಾಂಟಿಗೆ ಕೈ ಹಾಕಾಕ ಹತ್ತೇನಿ," ಎಂದ ದೊಡ್ಡಬಸವರಾಜ, "ಉಸಿರಾಡೋ ಪ್ಯಾಂಟು ಇವತ್ತೇ ನೋಡಿದ್ದು ತಾಯಿ." ನಕ್ಕವನು ಆ ಕಡೆ ತಿರುಗಿ ತೋಳಿನಿಂದ ಕಣ್ಣು ಒರೆಸಿಕೊಂಡ. ಕೆನ್ನೆಯ ಮೇಲೂ ನೀಲಿ ಗೆರೆ ಮೂಡಿತು.

ಸುಂಕಮ್ಮ ಮರಿಯನ್ನು ಸೆರಗಿನಲ್ಲಿಟ್ಟುಕೊಂಡು ಆ ನೆಲದ ಮೇಲೆಯೇ ಕೂತು ಅತ್ತಳು. ಜ್ಯೋತಿ ಪಕ್ಕದಲ್ಲಿ ಕೂತು, ಮರಿಯನ್ನು ಅಂಗಾತ ಮಲಗಿಸಿ ಅದರ ಕಾಲುಗಳನ್ನೆಲ್ಲ ಪರೀಕ್ಷೆ ಮಾಡಿದಳು.

ಮನೆಯಲ್ಲಿ ರಾಣಿ ನೀಲಿ ಮರಿಯನ್ನು ಮೂಸಿ, ಕತ್ತು ಕಚ್ಚಿ ಎತ್ತಿಕೊಂಡು ಹೋಗಿ, ಒಂದು ತಾಸು ನೆಕ್ಕಿತು. ನೀಲಿ ಹೋಗಲಿಲ್ಲ.

ಅಂದು ಸಂಜೆ ಜ್ಯೋತಿ ತಮ್ಮನೊಂದಿಗೆ ಹೊರಗೆ ಆಡಲು ಹೋದಾಗ ಪುಸ್ತಕ ಚಾಪೆಯ ಮೇಲೆ ತೆರೆದೇ ಇತ್ತು. ಕರೂರಿನಲ್ಲಿ ಐದನೇ ತರಗತಿವರೆಗೆ ಓದಿದ ಸುಂಕಮ್ಮ ಬೆರಳಿಟ್ಟುಕೊಂಡು ಓದಿದಳು. ಎರಡನೇ ಚೌಕದಲ್ಲಿ "ವಾಷಿಂಗ್. ಒಂದು ಮರಿ ಮಾತ್ರ. ತಪ್ಪಿ ಹೋಗಿತ್ತು, ಅವ್ವ ತಂದಳು" ಎಂದಿತ್ತು. ಅವಳಿಗೆ ನಗು ಬಂತು. ಹಾಳೆ ತಿರುವುತ್ತ ಮೊದಲ ಪುಟಕ್ಕೆ ಬಂದಳು. ಅದು ಹತ್ತು ದಿನದ ಹಿಂದೆ, ಪ್ರಾಜೆಕ್ಟ್ ಕೊಟ್ಟ ದಿನವೇ ಬರೆದ ಪುಟ. "ನಮ್ಮ ಮನೆಯ ಸಾಕುಪ್ರಾಣಿಗಳು" ಎಂಬುದರ ಕೆಳಗೆ ದುಂಡನೆಯ ಅಕ್ಷರಗಳಲ್ಲಿ ಮೂರು ಸಾಲು.

ಬೆಕ್ಕು – 1
ಮರಿಗಳು – 4
ನಾಯಿ – 1 (ಕುರುಗೋಡಿನಲ್ಲಿ ಇದೆ)

ಸುಂಕಮ್ಮ ಆ ಮೂರನೆಯ ಸಾಲನ್ನು ಎಷ್ಟು ಸಲ ಓದಿದಳೋ ಅವಳಿಗೇ ಗೊತ್ತಿಲ್ಲ. ಆಮೇಲೆ ಎದ್ದು ಬಾಗಿಲಿಗೆ ಬಂದಳು.

"ಜ್ಯೋತೀ, ನಾಳೆ ಮುಂಜಾನೆ ಲಗೂ ಏಳು. ಕುರುಗೋಡಿಗೆ ಹೋಗೂಣು."

ಹುಡುಗಿ ಆಟದ ನಡುವೆ ತಿರುಗಿ ನಿಂತಳು. ಒಳಗೆ ಓಡಿಬಂದು ಬುಟ್ಟಿ, ಪಾತ್ರೆಗಳನ್ನೆಲ್ಲ ಸರಿಸಿ, ಮೂಲೆಯಲ್ಲಿದ್ದ ಸಾಮಾನು ಕಟ್ಟುವ ಗೋಣಿಚೀಲದ ತಳಕ್ಕೆ ಕೈ ಹಾಕಿದಳು. ಕೊರಳಿಗೆ ಕಟ್ಟುವ ಹಗ್ಗದ ಹಳೆಯ ಬೆಲ್ಟೊಂದನ್ನು ಹೊರತೆಗೆದಳು. ಬುಲೆಟ್‌ನದು. ನಾಲ್ಕನೇ ಮನೆಗೆ ಬರುವಾಗ ತಾಯಿಗೆ ಕಾಣದಂತೆ ಅದನ್ನು ಅವಳೇ ಗಂಟಿನಲ್ಲಿ ಕಟ್ಟಿಕೊಂಡು ಬಂದಿದ್ದಳು.