ಆರನೆಯ ‘ಆತು’

ತೆಂಗಿನ ನಾರಿನ ಹಗ್ಗ ಉಪ್ಪುನೀರಿನಲ್ಲಿ ನೆನೆದು, ಬಿಸಿಲಿಗೆ ಅರ್ಧ ಒಣಗಿದಾಗ ಅದಕ್ಕೆ ಅದರದೇ ಒಂದು ವಾಸನೆ ಬರುತ್ತದೆ. ಕಳೆದ ತಿಂಗಳು ಕುಮಟೆಯ ಅಂಗಡಿಯೊಂದರಲ್ಲಿ ಬಾವಿಗೆಂದು ನೈಲಾನ್ ಹಗ್ಗ ಅಳೆಸುತ್ತಿದ್ದಾಗ, ಮೂಲೆಯಲ್ಲಿ ಅರ್ಧ ಒಣಗಿ ಬಿದ್ದಿದ್ದ ಹಳೆಯ ನಾರಿನ ಸುರುಳಿಯಿಂದ ಅದೇ ವಾಸನೆ ಬಂತು. ನಿಮ್ಮ ಬಾಲ್ಯದ ಮನೆಗೂ ಹೀಗೊಂದು ವಾಸನೆ ಇದ್ದಿರಬಹುದು. ಕಾಸರಕೋಡಿನ ನಮ್ಮ ಮನೆಯ ಜಗಲಿಗೆ ಇದ್ದದ್ದು ಈ ವಾಸನೆ. ಆ ಮನೆ ಈಗಿಲ್ಲ. ಅಪ್ಪ ದೋಣಿಗಳು ಬಂದು ನಿಲ್ಲುವ ಧಕ್ಕೆಯಲ್ಲಿ ಅವುಗಳಿಂದ ಮೀನಿನ ಬುಟ್ಟಿಗಳನ್ನು ಮೇಲೆತ್ತುವ ಆರು ಜನರ ತಂಡದ ಮುಂದಾಳಾಗಿದ್ದ. ಕೆಲಸ ಮುಗಿದ ಮೇಲೆ ಆರೂ ಜನ ನಮ್ಮ ಜಗಲಿಗೆ ಬಂದು, ಹಗ್ಗವನ್ನು ಗೂಟಕ್ಕೆ ತೂಗುಹಾಕಿ, ಅಮ್ಮ ಬಡಿಸಿದ ಗಂಜಿಯನ್ನು ಸುಟ್ಟ ಒಣಮೀನಿನೊಂದಿಗೆ ಉಣ್ಣುತ್ತಿದ್ದರು.

ಕಡಲಿನ ಇಳಿತದ ಹೊತ್ತಿನಲ್ಲಿ ದೋಣಿ ಧಕ್ಕೆಯ ಅಂಚಿಗಿಂತ ಬಹಳ ಕೆಳಗೆ ಹೋಗುತ್ತದೆ. ತಂಡದ ಗಣಪಣ್ಣ, ತಿಮ್ಮಪ್ಪಣ್ಣ ಇಬ್ಬರೂ ದೋಣಿಗಿಳಿದು ನಾಲ್ಕು ನಾಲ್ಕು ಬುಟ್ಟಿಗಳನ್ನು ಸೇರಿಸಿ ಹಗ್ಗ ಬಿಗಿಯುತ್ತಿದ್ದರು. ಉಳಿದ ನಾಲ್ವರು ಮೇಲೆ ನಿಂತು ರಾಟೆಯಿಂದ ಎಳೆಯುತ್ತಿದ್ದರು. ಮೇಲಿನವರಿಗೆ ಕೆಳಗಿನವರು ಕಾಣಿಸುತ್ತಿರಲಿಲ್ಲ. ಆದ್ದರಿಂದ ಅಪ್ಪ ಮೊದಲು ‘ಹೂಂ?’ ಎಂದು ಕೂಗುತ್ತಿದ್ದ. ಸಿದ್ಧರಾದವರು ಒಬ್ಬೊಬ್ಬರಾಗಿ ತಮ್ಮ ತಮ್ಮ ‘ಆತು’ ಹೇಳಬೇಕಿತ್ತು. ಐದು ‘ಆತು’ ಕೇಳಿಸಿದ ನಂತರ ಆರನೆಯದನ್ನು ಅಪ್ಪ ಹೇಳುತ್ತಿದ್ದ. ಅದು ಬಂದ ಮೇಲೆಯೇ ಹಗ್ಗ ಬಿಗಿಯುತ್ತಿತ್ತು. ಆ ದನಿಗಳು ನಮ್ಮ ಅಡುಗೆಮನೆಯ ತನಕ ಕೇಳಿಸುತ್ತಿದ್ದವು. ಅಮ್ಮ ಒಲೆಯ ಮುಂದೆ ಕುಳಿತು, ಬೆರಳಿನ ಗೆರೆಗಳ ಮೇಲೆ ಹೆಬ್ಬೆರಳಿಟ್ಟು ಅವನ್ನು ಎಣಿಸುತ್ತಿದ್ದಳು.

ಗಣಪಣ್ಣನ ಬಾಯಲ್ಲಿ ಸದಾ ಕವಳ. ಬಾಯಿ ತೆರೆದರೆ ಎಲೆಯಡಿಕೆಯ ರಸ ಮೀನಿನ ಮೇಲೆ ಬೀಳುತ್ತದೆಂದು, ಅವನ ‘ಆತು’ವನ್ನೂ ತಿಮ್ಮಪ್ಪಣ್ಣನೇ ಹೇಳತೊಡಗಿದ. ಜಗಲಿಯಲ್ಲಿ ಅದು ನಗೆಯ ವಿಷಯವಾಯಿತು.

“ಗಣಪ ಹೆಣ್ಣು ನೋಡೂಕೆ ಹೋದಾಗ್ಲೂ ಒಪ್ಗೆ ಹೇಳಿದ್ದು ತಿಮ್ಮಪ್ಪನೇ, ಗೊತ್ತಿದ್ಯಾ?” ಎಂದು ಅಪ್ಪ ಕೆಣಕಿದ್ದ.

“ಎಂತ ಮಾಡೂದು ಮಾರಾಯಾ, ಇವ ಬಾಯಿ ಬಿಟ್ರೆ ಹುಡ್ಗಿ ಸೀರೆ ಕೆಂಪಾಗ್ತಿತ್ತು!” ಎಂದಿದ್ದ ತಿಮ್ಮಪ್ಪಣ್ಣ.

ಎಲ್ಲರೂ ನಕ್ಕರು. ಒಂದೇ ದನಿ ಎರಡು ಸಲ ಬರುತ್ತದಲ್ಲ ಎಂದು ಅಮ್ಮನೊಬ್ಬಳು ಹೇಳಿದಳು. ಆ ಮಾತು ನಗುವಿನಲ್ಲಿ ಮುಳುಗಿತು.

ಒಂದು ಬೆಳಿಗ್ಗೆ ಐದು ‘ಆತು’ ಬಂದವು, ಅಪ್ಪನ ಆರನೆಯದೂ ಬಂತು. ಆ ಹೊತ್ತಿಗೆ ಗಣಪಣ್ಣ ಸಡಿಲವಾದ ಗಂಟನ್ನು ಸರಿಪಡಿಸಲು ಕೈಯನ್ನು ಮತ್ತೆ ಕುಣಿಕೆಯೊಳಗೆ ಹಾಕಿದ್ದ. ತಿಮ್ಮಪ್ಪಣ್ಣ ಬೇರೆ ಬುಟ್ಟಿಗಳ ಕಡೆ ತಿರುಗಿಕೊಂಡೇ ಇಬ್ಬರ ಪಾಲಿನದನ್ನೂ ಹೇಳಿಬಿಟ್ಟಿದ್ದ. ಗಣಪಣ್ಣನ ಕವಳ ತುಂಬಿದ ಬಾಯಿಂದ ಕೂಗು ಕೂಡ ಸರಿಯಾಗಿ ಹೊರಡಲಿಲ್ಲ. ಕುಣಿಕೆ ಬಿಗಿದು ಅವನ ಬಲಗೈಯ ಎರಡು ಬೆರಳುಗಳು ಹೋದವು.

ಸಂಜೆ ತಿಮ್ಮಪ್ಪಣ್ಣ ನಮ್ಮ ಜಗಲಿಯ ಕಂಬಕ್ಕೆ ಹಣೆಯಿಟ್ಟು ಅತ್ತ. ಅಪ್ಪ ಅವನಿಗೆ ಹೇಳಿದ್ದು ನನಗೆ ನೆನಪಿದೆ: “ತಪ್ಪು ನಿಂದೊಬ್ಬಂದಲ್ಲ. ದನಿ ಒಂದೇ ಅಂತ ನಂಗೆ ಗೊತ್ತಿತ್ತು. ಆದ್ರೂ ಎಳೆಸ್ದೆ.” ಮರುದಿನದಿಂದ ಅಪ್ಪ ಧಕ್ಕೆಗೆ ಹೋಗಲಿಲ್ಲ. ತನ್ನ ಕೂಗನ್ನು ನಂಬಿ ಇನ್ನು ಯಾರೂ ಹಗ್ಗಕ್ಕೆ ಕೈ ಹಚ್ಚಬಾರದು ಎಂಬುದು ಅವನ ತೀರ್ಮಾನವಾಗಿತ್ತು. ತಂಡ ಚದುರಿತು. ಗೂಟದ ಮೇಲಿನ ಹಗ್ಗ ಒಣಗಿ ಒಣಗಿ ತನ್ನ ವಾಸನೆಯನ್ನೂ ಕಳೆದುಕೊಂಡಿತು.

ಗಾಯ ಮಾಯ್ದ ಮೇಲೆ ಗಣಪಣ್ಣನೇ ಬಂದ. ತೆಂಗಿನ ಬುಡದಲ್ಲಿ ಕವಳ ಉಗುಳಿ, ಹಂಡೆಯ ನೀರಿನಿಂದ ಬಾಯಿ ಮುಕ್ಕಳಿಸಿ, ಜಗಲಿ ಹತ್ತಿದ.

“ಅಣ್ಣಾ, ಹಗ್ಗ ತೆಗಿ. ಕೂಗೂದು ನೀನೇ. ನಂದು ಇನ್ಮೇಲೆ ನಾನೇ ಹೇಳ್ತೆ.”

ಅಪ್ಪ ಆ ಕೈಯನ್ನು ನೋಡಿದ, ಎದ್ದು ಗೂಟದಿಂದ ಹಗ್ಗ ತೆಗೆದ. ಮತ್ತೆ ಕೂಡಿದ ತಂಡದಲ್ಲಿ ಅಂದಿನಿಂದ ದಿನದ ಕೆಲಸ ಮುಗಿಯುವ ತನಕ ಯಾರೂ ಕವಳ ಹಾಕಲಿಲ್ಲ. ಮೊದಲ ದಿನ ಅಮ್ಮ ಒಲೆಯ ಮುಂದೆ ಎಣಿಸಿ, “ಆರೂ ಬೇರೆ ಬೇರೆ” ಎಂದಳು.

ಅಪ್ಪ ತೀರಿಕೊಂಡ ದಿನ ಉಳಿದ ಐವರೂ ಬಂದಿದ್ದರು, ಎಲ್ಲರಿಗೂ ವಯಸ್ಸಾಗಿತ್ತು. ಅಂಗಳದಲ್ಲಿ ಚಟ್ಟದ ಬಿದಿರಿಗೆ ಕೈ ಹಚ್ಚಿ ಗಣಪಣ್ಣ ‘ಹೂಂ?’ ಎಂದ. ನಾಲ್ವರು ಒಬ್ಬೊಬ್ಬರಾಗಿ ‘ಆತು’ ಎಂದರು. ಐದನೆಯದನ್ನು ಅವನೇ ಹೇಳಿದ. ಆಮೇಲೆ ಯಾರೂ ಅಲುಗಲಿಲ್ಲ. ಅಪ್ಪನದನ್ನು ಅವನ ಬದಲಿಗೆ ಯಾರೂ ಹೇಳಲಿಲ್ಲ. ಆರನೆಯದಕ್ಕೆ ಬೇಕಾದಷ್ಟು ಹೊತ್ತು ಕಾದು, ನಂತರ ಐವರೂ ಒಟ್ಟಿಗೆ ಎತ್ತಿದರು. ಬಾಗಿಲಲ್ಲಿ ನಿಂತಿದ್ದ ಅಮ್ಮನ ಹೆಬ್ಬೆರಳು ಐದನೆಯ ಗೆರೆಯ ಮೇಲೆಯೇ ಇತ್ತು.