ನಾಲ್ಕನೆಯ ನಾಲ್ಕು

ಬೆಳಕು ಹರಿಯುವ ಮುನ್ನ ಅವಳು ಕೊಡಗಳಿಗೆ ನೀರು ತುಂಬಬೇಕು, ಅತ್ತೆಯ ಸ್ನಾನಕ್ಕೆ ನೀರು ಕಾಯಿಸಬೇಕು, ಗಂಡನ ಡಬ್ಬಿ ಕಟ್ಟಬೇಕು, ಮಗಳ ಯೂನಿಫಾರಂಗೆ ಇಸ್ತ್ರಿ ಹಾಕಬೇಕು, ರಾತ್ರಿಯ ಪಾತ್ರೆ ಬೆಳಗಬೇಕು. ಇವುಗಳ ನಡುವೆ ಒದ್ದೆ ಬೆರಳಿನಿಂದ ಅಡುಗೆಕಟ್ಟೆಯ ಮೇಲೆ ನಾಲ್ಕು ಸಲ ನಾಲ್ಕು ಬರೆದು, ಅದು ಆರುವುದರೊಳಗೆ ಹನ್ನೊಂದು ಮಾಡಲು ನೋಡುತ್ತಾಳೆ.

ತವರಿನಲ್ಲಿ ಅವಳು ನಾಲ್ಕನೆಯ ಹೆಣ್ಣು, ಎಲ್ಲರಿಗೂ ನಾಕಮ್ಮ. ಗಣಿತದ ಟೀಚರ್ ಈ ಆಟ ಕಲಿಸಿದಾಗ ಇಡೀ ತರಗತಿ ಅವಳತ್ತ ತಿರುಗಿ ನಕ್ಕಿತ್ತು. ನಾಲ್ಕೇ ನಾಲ್ಕು ನಾಲ್ಕುಗಳು, ಒಂದನ್ನೂ ಬಿಡುವಂತಿಲ್ಲ. ಪಕ್ಕಪಕ್ಕ ಇಟ್ಟು, ಕೂಡಿಸಿ, ಕಳೆದು, ಗುಣಿಸಿ, ಭಾಗಿಸಿ ಒಂದರಿಂದ ಮೊದಲಾಗಿ ಸಂಖ್ಯೆ ಕಟ್ಟುತ್ತ ಹೋಗಬೇಕು. ಒಂದು ಸಂಖ್ಯೆ ಸಿಗದೆ ಮುಂದಿನದಕ್ಕೆ ಹೋಗುವಂತಿಲ್ಲ. ಸಂಜೆಗೆ ಅವಳು ಹತ್ತು ಮುಟ್ಟಿದ್ದಳು. ಹನ್ನೊಂದು ಮೊಂಡು ಹಿಡಿಯಿತು. ನಲವತ್ತನಾಲ್ಕನ್ನು ನಾಲ್ಕರಿಂದ ಭಾಗಿಸಿದರೆ ಮೂರೇ ನಾಲ್ಕುಗಳಲ್ಲಿ ಬಂದುಬಿಡುತ್ತದೆ. ನಾಲ್ಕನೆಯದು ಹೊರಗೇ ನಿಂತಿರುತ್ತದೆ.

"ಅದಕ್ಕೊಂದು ಹೊಸ ಚಿಹ್ನೆ ಬೇಕು ಕಣೆ. ನಾಳೆ ತೋರಿಸ್ತೀನಿ," ಎಂದಿದ್ದರು ಟೀಚರ್.

ಆ ನಾಳೆ ಅಮ್ಮ ಹಾಸಿಗೆ ಹಿಡಿದಳು. ಅಕ್ಕಂದಿರಿಗೆ ಮದುವೆಯಾಗಿತ್ತು, ಒಲೆಯ ಮುಂದೆ ಒಬ್ಬಳು ಬೇಕಿತ್ತು. "ನಾಲ್ಕಕ್ಷರ ಬಂತಲ್ಲ, ಸಾಕು," ಎಂದ ಅಪ್ಪ. ಆಮೇಲೆ ಒಲೆ ಬದಲಾಯಿತು, ಅಷ್ಟೆ.

"ಕಟ್ಟೆ ಜೊತೆ ಏನೇ ನಿನ್ನ ಮಾತು?" ಅತ್ತೆ ಆಗಾಗ ಕೇಳುತ್ತಾರೆ. "ನಾಲ್ಕು ಜನ ನೋಡಿದ್ರೆ ಏನಂತಾರೆ?"

"ಆ ನಾಲ್ಕು ಜನರನ್ನೇ ಕೂಡಿಸಿ ಕಳೀತಿದ್ದೀನಿ, ಅತ್ತೆ."

ನಿನ್ನೆ ಸಂಜೆ ಮಗಳು ಮನೆಪಾಠ ಬರೆಯುತ್ತಿದ್ದಳು. ಪಕ್ಕದಲ್ಲಿ ಈರುಳ್ಳಿ ಹೆಚ್ಚುತ್ತಿದ್ದ ಇವಳ ಕಣ್ಣು ಒಂದು ಗುರುತಿನ ಮೇಲೆ ನಿಂತಿತು. ಅಂಕಿಯ ಮೇಲೆ ಸೂರು ಹೊದಿಸಿದಂತಿತ್ತು.

"ಇದೇನೇ?"

"ವರ್ಗಮೂಲ ಅಮ್ಮಾ. ಎರಡನ್ನ ಎರಡರಿಂದ ಗುಣಿಸಿದ್ರೆ ನಾಲ್ಕಲ್ವಾ? ಹಾಗಾಗಿ ನಾಲ್ಕಕ್ಕೆ ಇದನ್ನ ಹಾಕಿದ್ರೆ ಎರಡಾಗುತ್ತೆ. ಅಯ್ಯೋ, ನಿನ್ನ ಹನ್ನೊಂದೂ ಬರುತ್ತೆ, ತಡಿ..."

"ಬಾಯಿ ಮುಚ್ಕೊಂಡು ಬರಿ," ಎಂದಳು. ಇಷ್ಟು ವರ್ಷ ಕಾದದ್ದು ಇನ್ನೊಬ್ಬರ ಬಾಯಿಂದ ಉದುರುವುದು ಅವಳಿಗೆ ಬೇಡವಾಗಿತ್ತು.

ಇಂದು ಕೊಡ ತುಂಬುವ ಮೊದಲೇ ಬೆರಳು ಅದ್ದಿದಳು. ಮೇಲೆ ನಲವತ್ತನಾಲ್ಕು. ಗೆರೆ ಎಳೆದು, ಕೆಳಗೆ ಸೂರಿನಡಿಯ ಎರಡು ನಾಲ್ಕುಗಳು. ಎರಡಕ್ಕೆ ಎರಡು ಕೂಡಿ ನಾಲ್ಕು. ಅದರಿಂದ ಭಾಗಿಸಿದರೆ ಹನ್ನೊಂದು. ಯಾವ ನಾಲ್ಕೂ ಹೊರಗುಳಿಯಲಿಲ್ಲ. ಟೀಚರಿಗೆ ತೋರಿಸಬೇಕೆನಿಸಿತು. ಅವರು ಹೇಳಿದ್ದ ನಾಳೆ ಎಲ್ಲಿ ಹೋಯಿತೋ.

"ನೀರು ಕಾಯ್ತೇನೇ?" ಅತ್ತೆ ಒಳಗಿನಿಂದ ಕೂಗಿದರು.

ಒಲೆಯ ಮೇಲೆ ಖಾಲಿ ಪಾತ್ರೆಯಿತ್ತು, ಕೈಗೆಟಕುವಲ್ಲೇ ಬೆಂಕಿಪೊಟ್ಟಣ. ಕಟ್ಟೆಯ ಮೇಲೆ ಬರೆದದ್ದು ಅಂಚಿನಿಂದ ಆರತೊಡಗಿತ್ತು. ಅವಳು ಬೆಂಕಿಪೊಟ್ಟಣವನ್ನು ದೂರ ಸರಿಸಿ, ಬಾಗಿಲಿಗೆ ಅಗುಳಿ ಹಾಕಿ, ಮತ್ತೆ ಬೆರಳು ಅದ್ದಿ ಹನ್ನೆರಡಕ್ಕೆ ಕುಳಿತಳು.