ಘಟ್ಟದಲ್ಲಿ ಬಿಗಿಯಾದ ಚಕ್ರಗಳು

ವಿಚಿತ್ರ ಅನುಭವಗಳನ್ನು ನಾನು ನಂಬಿದವನಲ್ಲ. ಪುಣೆಯ ಪತ್ರಿಕಾ ಕಚೇರಿಯಲ್ಲಿ ಕುಳಿತು ಅಂಥ ಎಷ್ಟೋ ಬರಹಗಳನ್ನು, ಕಣ್ಣಾರೆ ಕಂಡವರು ಯಾರು ಎಂದು ಕೇಳಿ ವಾಪಸು ಕಳಿಸಿದ್ದೇನೆ. ಈಗ ಹೇಳುವುದನ್ನು ಕಂಡವನು ನಾನೇ. ನೀವು ನಂಬಲೇಬೇಕೆಂಬ ಹಟ ನನಗಿಲ್ಲ.

ಪುಣೆಯ ಖಡಕಿಯಲ್ಲಿ ಹೋಟೆಲು ನಡೆಸುವ ಕುಂದಾಪುರದ ಸದಾನಂದಣ್ಣನ ಬಳಿ ಇಂಗ್ಲೆಂಡಿನ ಹಳೆಯ ಸ್ಪೋರ್ಟ್ಸ್ ಕಾರೊಂದಿದೆ. ಎರಡೇ ಸೀಟು, ಮೇಲೆ ಚಾವಣಿಯಿಲ್ಲ. ಕೆಲವು ವರ್ಷಗಳ ಹಿಂದೆ ಅದು ಹೊರಟಾಗಲೆಲ್ಲ ಎಲ್ಲೋ ಕೆಟ್ಟು ನಿಂತು, ಹಗ್ಗ ಕಟ್ಟಿಸಿಕೊಂಡು ಮರಳುತ್ತಿತ್ತು. ಕೊನೆಗೆ ಎಂಜಿನ್ನು ಸರಿಹೋಯಿತು. ಇನ್ನು ಅದಕ್ಕೆ ಬೈಸಿಕಲ್ಲಿನಂತೆ ಕಡ್ಡಿಗಳಿರುವ ವೈರ್ ವೀಲ್ ಹಾಕಿಸಬೇಕೆಂದು ಅವರು ಹೊರಟರು. ಅವರ ಹೆಂಡತಿ ಶಕುಂತಲಕ್ಕನಿಗೆ ಬೇಕಿದ್ದದ್ದು ಕಾರು ನಿಂತಿದ್ದ ಶೆಡ್ಡು.

"ನಿಮ್ಮ ಈ ಗಾಡಿ ಘಟ್ಟ ಹತ್ತಿ ಭೋರ್‌ಗೆ ಹೋಗಿ, ಹಗ್ಗ ಇಲ್ದೆ ವಾಪಸ್ ಬಂದ್ರೆ ನಾನು ಮತ್ತೆ ಬಾಯಿ ತೆಗೆಯುದಿಲ್ಲ. ಇಲ್ದಿದ್ರೆ ದೀಪಾವಳಿ ಒಳಗೆ ಮಾರಿ ಆಯ್ತು," ಎಂದರು.

"ಬಾಯಿ ತೆಗೆಯುದಿಲ್ಲ ಅಂದ್ರೆ ಎಷ್ಟು ಹೊತ್ತು ಮಾರಾಯ್ತಿ?" ಎಂದರು ಸದಾನಂದಣ್ಣ.

ಈ ಚಕ್ರಗಳನ್ನು ಕೂರಿಸುವ ಕ್ರಮವೇ ಬೇರೆ. ಅಚ್ಚಿನ ತುದಿಯಲ್ಲಿ ಕೂರುವ, ಹಲ್ಲುಗಳಿರುವ ಹಬ್ ಮೇಲೆ ಚಕ್ರವನ್ನು ತಳ್ಳಿ, ಎರಡು ಕಿವಿಯ ಒಂದೇ ದೊಡ್ಡ ನಟ್ಟನ್ನು ತಾಮ್ರದ ಸುತ್ತಿಗೆಯಿಂದ ಹೊಡೆದು ಬಿಗಿಯುತ್ತಾರೆ. ಕಾರು ಓಡಿದಷ್ಟೂ ನಟ್ಟು ಬಿಗಿಯಾಗಲೆಂದು ಎಡಗಡೆಯ ಹಬ್‌ಗೆ ಒಂದು ದಿಕ್ಕಿನ ಥ್ರೆಡ್ಡು, ಅಂದರೆ ತಿರುಪಿನ ಸುತ್ತು, ಬಲಗಡೆಯದಕ್ಕೆ ಅದರ ವಿರುದ್ಧ ದಿಕ್ಕಿನದು. ಅದಲುಬದಲಾದರೆ ಓಡಿದಷ್ಟೂ ಸಡಿಲವಾಗಿ ಚಕ್ರವೇ ಕಳಚೀತು. ಇದು ನನಗೆ ತಿಳಿದದ್ದು ಆಮೇಲೆ.

ಆಯುಧಪೂಜೆಯಂದು ಶಕುಂತಲಕ್ಕ ಹೊಸ ಹಬ್ ಮತ್ತು ನಟ್ಟುಗಳನ್ನು ಪೆಟ್ಟಿಗೆಗಳಿಂದ ತೆಗೆದು, ಹಿಟ್ಟು ರುಬ್ಬುವ ಯಂತ್ರದ ಪಕ್ಕ ಜೋಡಿಸಿ, ಕುಂಕುಮವಿಟ್ಟು ಹೂವೇರಿಸಿದರು. ಕಾರಿನ ಮೇಲಿನ ಸಿಟ್ಟನ್ನು ಪೂಜೆಗೆ ತಂದವರಲ್ಲ. ಆಮೇಲೆ ಎಲ್ಲವನ್ನೂ ಪೆಟ್ಟಿಗೆಗಳಿಗೆ ತುಂಬಿಟ್ಟರು. ವಿಜಯಪುರದ ಕಡೆಯ ಮೆಕ್ಯಾನಿಕ್ ಭೀಮಣ್ಣ ಪೆಟ್ಟಿಗೆಗಳ ಮೇಲಿದ್ದ ಎಡ, ಬಲ ನೋಡಿ ಜೋಡಿಸಿದ. ವೈರ್ ವೀಲ್ ಅವನಿಗೂ ಹೊಸದು.

ಭಾನುವಾರ ಬೆಳಿಗ್ಗೆ ಹೊರಡುವ ಮುನ್ನ ಅವನು ಪ್ರತಿ ನಟ್ಟಿನಿಂದ ಚಕ್ರದ ಮೇಲೆ ಹಾಯುವಂತೆ ಸುಣ್ಣದ ಕಡ್ಡಿಯಲ್ಲಿ ಗೆರೆ ಎಳೆದ. ನಟ್ಟು ಸರಿದರೆ ಗೆರೆ ಮುರಿದು ಕಾಣುತ್ತದೆ. ನಾನು ಅಭ್ಯಾಸಬಲದಿಂದ ಫೋಟೋ ತೆಗೆದುಕೊಂಡೆ. ಸದಾನಂದಣ್ಣನ ಪಕ್ಕ ನಾನು ಕುಳಿತೆ. ಶಕುಂತಲಕ್ಕ ಮತ್ತು ಭೀಮಣ್ಣ ಹೋಟೆಲಿನ ವ್ಯಾನಿನಲ್ಲಿ ಹಿಂದೆ ಬಂದರು, ಹಗ್ಗ ಸಮೇತ.

ಭೋರ್ ದಾರಿಯ ಕಾತ್ರಜ್ ಘಟ್ಟವನ್ನು ಕಾರು ಒಂದು ಸಲವೂ ಕೆಮ್ಮದೆ ಏರಿತು. ಭೋರ್ ಪೇಟೆಯಲ್ಲಿ ಜನ ಸುತ್ತುವರಿದರು. "ಕಾಯ್ ಗಾಡಿ ಆಹೇ, ಶೇಟ್!" ಎಂದು ಯಾರೋ ಮರಾಠಿಯಲ್ಲಿ ಗಾಡಿಯನ್ನು ಹೊಗಳಿ ಕೂಗಿದರು. ಸದಾನಂದಣ್ಣ ಬೇಕಿಲ್ಲದಿದ್ದರೂ ಪೇಟೆಗೆ ಇನ್ನೊಂದು ಸುತ್ತು ಹಾಕಿದರು. ಬಿಸಿಲಿಗೆ ಕಡ್ಡಿಗಳೆಲ್ಲ ಬೆಳ್ಳಿಯಂತೆ ಹೊಳೆಯುತ್ತಿದ್ದವು.

ಮರಳುವಾಗ, ಘಟ್ಟ ಇಳಿಯುತ್ತಿದ್ದಂತೆ, ನನ್ನ ಪಕ್ಕದ ಮುಂದಿನ ಚಕ್ರದ ಬಳಿ ಸುತ್ತಿಗೆಯ ಪೆಟ್ಟು ಕೇಳಿಸತೊಡಗಿತು. ಕಬ್ಬಿಣದ ಠಣಠಣವಲ್ಲ, ತಾಮ್ರದ ಮೆತ್ತನೆಯ ಸದ್ದು. ಚಕ್ರದ್ದೇ ಸದ್ದಾಗಿದ್ದರೆ ವೇಗದೊಂದಿಗೆ ಬದಲಾಗಬೇಕಿತ್ತು. ತಿರುವಿನಲ್ಲಿ ಕಾರು ನಿಧಾನವಾಯಿತು, ಪೆಟ್ಟಿನ ಲಯ ಹಾಗೆಯೇ ಇತ್ತು.

"ನಿಮಗೆ ಎಂತಾದ್ರೂ ಕೇಳ್ತಾ ಉಂಟಾ?" ಎಂದರು ಸದಾನಂದಣ್ಣ.

"ಸುತ್ತಿಗೆ."

"ಹಾಗಾದ್ರೆ ನಂಗೊಬ್ಬನಿಗೇ ಅಲ್ಲ."

ಕಾರು ನಿಲ್ಲಿಸಿದರು. ಸದ್ದೂ ನಿಂತಿತು. ಭೀಮಣ್ಣ ವ್ಯಾನಿನಿಂದ ಇಳಿದು ಬಂದು ಒಂದೊಂದೇ ಚಕ್ರದ ಮುಂದೆ ಕುಕ್ಕರಗಾಲಲ್ಲಿ ಕೂತ. "ಗೆರಿ ಸರದಾವ್ರಿ, ನಾಲ್ಕೂ. ಆದ್ರ ಬಿಗಿ ಆಗೂ ಕಡೆ ಸರದಾವ. ನಾ ಇಷ್ಟ ಬಡದಿದ್ದಿಲ್ರಿ."

ನಾನು ಮತ್ತೆ ಫೋಟೋ ತೆಗೆದೆ. ಬಿಗಿಯಾಗಿದ್ದರೆ ಒಳ್ಳೆಯದೇ ಅಲ್ಲವೇ ಎಂದುಕೊಂಡು ಹೊರಟೆವು. ಖಡಕಿ ಮುಟ್ಟಿದಾಗ ಹೋಟೆಲಿನವರೆಲ್ಲ ಬೀದಿಗೆ ಬಂದು ತಟ್ಟೆ ಬಡಿದರು. ಹಗ್ಗಕ್ಕೆ ಕೆಲಸವೇ ಬಿದ್ದಿರಲಿಲ್ಲ. ಸದಾನಂದಣ್ಣ ಕಾರಿನಿಂದಿಳಿಯಲು ಒಪ್ಪದೆ ಅಲ್ಲೇ ಕಾಫಿ ತರಿಸಿಕೊಂಡರು.

ಸಂಜೆ ಶೆಡ್ಡಿನಲ್ಲಿ ಭೀಮಣ್ಣ ನಟ್ಟುಗಳನ್ನು ಮೈಯೆಲ್ಲ ಬೆವರಿ ಬಿಚ್ಚಿದ. ಥ್ರೆಡ್ಡಿನ ಮೇಲೆ ಬೆರಳಾಡಿಸಿ ನೋಡಿದ. "ಸಾಹೇಬ್ರ, ಎಡಕ್ಕಿನವು ಬಲಕ್ಕ, ಬಲಕ್ಕಿನವು ಎಡಕ್ಕ ಕೂತಾವ್ರಿ. ಕಾತ್ರಜ್ ದಾಟೂದ್ರಾಗ ಗಾಲಿ ಬಿಚ್ಚಿ ಬೀಳಬೇಕಾಗಿತ್ತು."

"ಪೆಟ್ಟಿಗೆಗೆ ತುಂಬಿಸಿದ್ದು ನಾನು," ಎಂದರು ಶಕುಂತಲಕ್ಕ.

"ಪೂಜೆ ಮಾಡಿದ್ದೂ ನೀನೇ ಅಲ್ದಾ?" ಎಂದರು ಸದಾನಂದಣ್ಣ.

ಶೆಡ್ಡಿನ ಮಾತನ್ನು ಶಕುಂತಲಕ್ಕ ಮತ್ತೆ ಎತ್ತಲಿಲ್ಲ. ತಮ್ಮ ಕುಂಕುಮವೇ ಕಾಪಾಡಿತೆಂದು ಅವರ ನಂಬಿಕೆ. ನಾನು ವಾದಿಸಿಲ್ಲ, ಒಪ್ಪಿಯೂ ಇಲ್ಲ. ಚಿಂಚವಾಡದ ಎಂಜಿನಿಯರ್ ಗೆಳೆಯನಿಗೆ ಎರಡೂ ಸಲದ ಫೋಟೋ ತೋರಿಸಿದೆ. ಮೊದಲಿನ ಫೋಟೋ, ಆಮೇಲಿನ ಫೋಟೋ ಅದಲುಬದಲಾಗಿರಬೇಕು ಎಂದ. ತೆಗೆದ ವೇಳೆ ಫೋನಿನಲ್ಲೇ ದಾಖಲಾಗಿತ್ತು. ಅದನ್ನೂ ನೋಡಿದ. ಆ ಕಾರು ಈಗ ಎಲ್ಲಿದೆ ಎಂದು ಕೇಳಿದ.

ಸದಾನಂದಣ್ಣನೂ ಶಕುಂತಲಕ್ಕನೂ ಅದರಲ್ಲಿ ಮಹಾಬಳೇಶ್ವರಕ್ಕೆ ಹೋಗಿದ್ದಾರೆ ಎಂದೆ. ನನ್ನಲ್ಲಿದ್ದ ಉತ್ತರ ಅದೊಂದೇ.